ಎಕ್ಸ್‌ಪ್ರೆಸ್ ಮಾವ ಮತ್ತು ಮರಿಯ ಊಟದ ಪಂದ್ಯ

ಎಕ್ಸ್‌ಪ್ರೆಸ್ ಮಾವ ಊಟ ಮಾಡುವುದನ್ನು ಕಂಡವರು ಕಡಿಮೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುವುದನ್ನು ಮಾತ್ರ ಇಡೀ ಬೀದಿ ಕಂಡಿದೆ. ತಟ್ಟೆಯ ಮುಂದೆ ಕೂತರು ಅನ್ನುವಷ್ಟರಲ್ಲಿ ಎದ್ದಿರುತ್ತಿದ್ದರು. ನಡುವೆ ಏನು ನಡೆಯಿತು ಎಂಬುದು ಅವರಿಗೂ ಅವರ ಹೊಟ್ಟೆಗೂ ಬಿಟ್ಟ ವಿಷಯ. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು ಈಗಲೂ ಹೇಳಿಕೊಂಡು ನಗುತ್ತಾಳೆ: "ಅಪ್ಪ ಊಟ ಮಾಡೋದನ್ನ ನಾನು ನೋಡೇ ಇಲ್ಲ. ಊಟ ಮುಗಿಸಿರೋದನ್ನ ಮಾತ್ರ ನೋಡಿದೀನಿ."

ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮಾವ ಬಸ್ ಡ್ರೈವರ್ ಆಗಿದ್ದವರು, ಅದೂ ದೂರದ ಊರುಗಳ ಬಸ್ಸಿಗೆ. ನಡುದಾರಿಯ ನಿಲ್ದಾಣದಲ್ಲಿ ಬಸ್ಸು ನಿಂತರೆ ಪ್ರಯಾಣಿಕರು ಆರಾಮವಾಗಿ ಇಳಿದು ಮೈ ಮುರಿಯುತ್ತಾರೆ, ಚಹಾ ಕುಡಿಯುತ್ತಾರೆ, ಚಹಾ ಸರಿಯಿಲ್ಲವೆಂದು ಇನ್ನೊಂದು ಕುಡಿಯುತ್ತಾರೆ. ಆದರೆ ಡ್ರೈವರ್ ತಟ್ಟೆಯೆದುರು ಕೂತ ತಕ್ಷಣ ಎಲ್ಲರಿಗೂ ಹೊತ್ತಾಗಿಬಿಡುತ್ತದೆ. ಬಸ್ಸಿನ ಅಷ್ಟೂ ಕಿಟಕಿಗಳಿಂದ ಅಷ್ಟೂ ಕಣ್ಣುಗಳು ಅವನ ಕೈಯನ್ನೇ ನೋಡುತ್ತವೆ. ತುತ್ತು ಮೇಲೆ ಹೋಯಿತಾ, ಕೆಳಗೆ ಬಂತಾ, ಇನ್ನೆಷ್ಟು ಉಳಿದಿದೆ. ಅಂಥ ಕಣ್ಣುಗಳೆದುರು ಅಗಿದು ತಿನ್ನಲು ದಪ್ಪ ಚರ್ಮ ಬೇಕು. ಮಾವನಿಗೆ ಅದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರು ಅಗಿಯುವುದನ್ನು ಬಿಟ್ಟು ನುಂಗುವುದನ್ನು ಕಲಿತರು. ಕಂಡಕ್ಟರ್ "ರೈಟ್!" ಎಂದು ಕೂಗುವಷ್ಟರಲ್ಲಿ ಸ್ಟಿಯರಿಂಗ್ ಮೇಲೆ ಒದ್ದೆ ಕೈ.

ಡ್ಯೂಟಿ ಮುಗಿಸಿ ಮನೆಗೆ ಬಂದರೂ ಕೈ ಅದೇ ವೇಗದಲ್ಲಿ ಓಡುತ್ತಿತ್ತು. ಅತ್ತೆ ಬಡಿಸಿ, ಒಲೆ ಆರಿಸಿ, ತಮ್ಮ ತಟ್ಟೆ ತೆಗೆದುಕೊಳ್ಳುವ ಹೊತ್ತಿಗೆ ಮಾವ ನಲ್ಲಿಯ ಬಳಿ ಇರುತ್ತಿದ್ದರು. ಮುಂದಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಮಷಿನ್ ಇದೆ; ಬೀದಿಯವರ ಅಂಗಿ, ಪರದೆ, ದಿಂಬಿನ ಚೀಲ ಎಲ್ಲ ಅಲ್ಲೇ ಆಗುತ್ತವೆ. ಆ ಮಷಿನ್ನಿನ ಹಲಗೆಯ ಒಂದು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಅತ್ತೆ ಒಬ್ಬರೇ ಊಟ ಮಾಡುತ್ತಿದ್ದರು. ಏನಾದರೂ ಹೇಳಲು ಹೋದರೆ ಮಾವನದು ಒಂದೇ ಉತ್ತರ: "ಆಮೇಲೆ ಹೇಳು." ಆ ಆಮೇಲೆ ಎಂಬುದು ಯಾವ ನಿಲ್ದಾಣದಲ್ಲಿ ಇಳಿದುಹೋಗುತ್ತಿತ್ತೋ, ಮನೆಗಂತೂ ಬರುತ್ತಿರಲಿಲ್ಲ.

ನಿವೃತ್ತಿಯಾದಾಗ ಎಲ್ಲರೂ ಇನ್ನು ಮಾವ ನಿಧಾನವಾಗುತ್ತಾರೆ ಎಂದುಕೊಂಡರು. ಎಲ್ಲಿಯ ನಿಧಾನ! ಹೋಗಬೇಕಾದ ಊರೇ ಇಲ್ಲದಿದ್ದರೂ ಹೊರಡುವ ಗಡಿಬಿಡಿ ಹಾಗೇ ಇತ್ತು. ಆಗ ಬಸ್ ಡಿಪೋದ ವಾಚ್‌ಮನ್ ಒಂದು ನಾಯಿಮರಿ ತಂದುಕೊಟ್ಟ. ಅದರ ತಾಯಿ ಡಿಪೋದ ಕಾವಲಿಗಿದ್ದ ಎತ್ತರದ ನಾಯಿ. ಮರಿಗಳು ಹಾಲು ಬಿಟ್ಟ ಸ್ವಲ್ಪ ದಿನಕ್ಕೆ ಆ ತಾಯಿ ಸತ್ತುಹೋಗಿತ್ತು. "ಸಂಜೆ ಊಟ ಹಾಕಿದ್ದೆ ಅಣ್ಣ, ಚೆನ್ನಾಗೇ ತಿಂತು. ಆಮೇಲೆ ಹೊಟ್ಟೆ ಊದಿಕೊಂಡು, ಒದ್ದಾಡಿ ಒದ್ದಾಡಿ ಹೋಗಿಬಿಡ್ತು. ಎದುರಿನ ಚಹಾ ಅಂಗಡಿಯವನೇ ವಿಷ ಹಾಕಿದ್ದು, ನಂಗೊತ್ತು," ಎಂದು ವಾಚ್‌ಮನ್ ಕಣ್ಣೊರೆಸಿಕೊಂಡಿದ್ದ. ಆ ಅಂಗಡಿಯ ಚಹಾ ಕುಡಿಯುವುದನ್ನು ಅಂದೇ ಬಿಟ್ಟಿದ್ದ.

ಮರಿಗೆ ಹೆಸರಿಡುವ ಪುರುಸೊತ್ತು ಮಾವನಿಗೆ ಎಲ್ಲಿಂದ ಬರಬೇಕು? ಮರಿ ಎಂದೇ ಕರೆದರು. ಅದು ಬೆಳೆದು ಕರುವಿನಷ್ಟಾಯಿತು. ಆಳವಾದ ಎದೆ, ಸಣ್ಣ ಸೊಂಟ, ಉದ್ದ ಕಾಲು. ಹೊಸಬರು ಬಾಗಿಲಲ್ಲಿ ನಿಂತು ಹೆದರಿದರೆ ಮಾವ "ಮರಿ ಅಷ್ಟೇ, ಬನ್ನಿ ಬನ್ನಿ" ಎನ್ನುವರು. ಬಂದವರು ಮಾತ್ರ ಗೇಟಿನಾಚೆಯೇ ನಿಂತು ಮಾತು ಮುಗಿಸಿಕೊಂಡು ಹೋಗುವರು.

ಅಲ್ಲಿಯವರೆಗೆ ಮಾವನ ವೇಗಕ್ಕೆ ಸಮನಾಗಿ ಊಟಕ್ಕೆ ಕೂರುವ ಜೊತೆ ಇರಲಿಲ್ಲ. ಮರಿ ಆ ಜೊತೆಯಾಯಿತು. ಮಧ್ಯಾಹ್ನ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಮಾವನ ತಟ್ಟೆ, ಎದುರಿಗೆ ಮರಿಯ ಬಟ್ಟಲು. ನಾಯಿ ಬಗ್ಗಿ ತಿನ್ನುವುದು ಕಷ್ಟವೆಂದು ಬಟ್ಟಲನ್ನು ಒಂದು ಸ್ಟೂಲಿನ ಮೇಲೆ ಬೇರೆ ಇಟ್ಟಿದ್ದರು. ಇಬ್ಬರೂ ಸಿದ್ಧ. ಮಾವ "ರೈಟ್!" ಎಂದು ಕೂಗಿದರೆ ಪಂದ್ಯ ಶುರು. ಮೊದಮೊದಲು ಮಾವ ಗೆದ್ದರು. ಮರಿಗೆ ಬುದ್ಧಿ ಬಂದ ಮೇಲೆ ಸೋಲತೊಡಗಿದರು, ಸೋತದ್ದಕ್ಕೇ ಇನ್ನಷ್ಟು ಹಿಗ್ಗಿದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ಚಪ್ಪಾಳೆ ಹೊಡೆಯುತ್ತಿದ್ದರು. ಗೆದ್ದ ಮರಿ ಬಕೆಟ್ಟಿಗೆ ಬಾಯಿ ಹಾಕಿ ಗಟಗಟ ನೀರು ಕುಡಿಯುವುದು, ಅಲ್ಲಿಂದ ನೇರ ಶಾಲೆಯ ಹಿಂದಿನ ಮೈದಾನಕ್ಕೆ. ಮಾವ ಚೆಂಡು ಎಸೆಯುವುದು, ಅದು ಹಾರಿ ಹಿಡಿಯುವುದು. ಅದೇ ಬಹುಮಾನ.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರಮ್ಮ ಮರಿಯ ಎದೆ ಸವರಿ ನೋಡಿ ಕೇಳಿದ್ದರು: "ಊಟ ಹೇಗೆ ಮಾಡುತ್ತೆ? ನಿಧಾನನಾ, ಬೇಗನಾ?"

"ಬಟ್ಟಲು ಇಟ್ಟಿದ್ದು ಗೊತ್ತಾಗುತ್ತೆ ಮೇಡಂ, ಖಾಲಿಯಾಗಿದ್ದು ಗೊತ್ತಾಗಲ್ಲ!" ಎಂದು ಮಾವ ಎದೆಯುಬ್ಬಿಸಿದ್ದರು.

"ಅದು ಹೆಮ್ಮೆ ಪಡೋ ವಿಷಯ ಅಲ್ಲ. ಈ ಥರ ಎದೆ ಆಳ ಇರೋ ದೊಡ್ಡ ನಾಯಿಗಳಿಗೆ ಒಂದು ಅಪಾಯ ಇದೆ. ಕೂತ್ಕೊಳ್ಳಿ, ಹೇಳ್ತೀನಿ."

ಕೂತದ್ದು ಅತ್ತೆ. ಲಸಿಕೆ ಆಯಿತಲ್ಲ, ಇನ್ನೇನು ಎಂದು ಮಾವ ಮರಿಯನ್ನು ಎಳೆದುಕೊಂಡು ಹೊರಗೆ ಹೋಗಿ ವ್ಯಾನಿನ ಹಾರ್ನ್ ಒತ್ತುತ್ತಿದ್ದರು. ಪಕ್ಕದ ಮನೆಯವರಿಂದ ಕೇಳಿ ತಂದಿದ್ದ ವ್ಯಾನು ಅದು. ದಾರಿಯಲ್ಲಿ ಅತ್ತೆ "ಡಾಕ್ಟರಮ್ಮ ಏನಂದ್ರು ಗೊತ್ತಾ..." ಎಂದು ಶುರುಮಾಡಿದರು. "ಆಮೇಲೆ ಹೇಳು, ಟ್ರಾಫಿಕ್ ನೋಡು," ಎಂದರು ಮಾವ. ಅತ್ತೆ ಬಟ್ಟಲಿನಲ್ಲಿ ಮರಿ ನುಂಗಲಾಗದಷ್ಟು ದೊಡ್ಡ ನುಣುಪು ಕಲ್ಲೊಂದನ್ನು ಇಟ್ಟು ನೋಡಿದರು, ಅದರ ಸುತ್ತ ನೆಕ್ಕುತ್ತಾ ನಿಧಾನವಾಗಿ ತಿನ್ನಲಿ ಎಂದು. ಮಾವ ಆ ಕಲ್ಲನ್ನು ತೆಗೆದು ಗಿಡದ ಬುಡಕ್ಕೆ ಎಸೆದು, "ನಾಯಿ ಹಲ್ಲು ಮುರೀಬೇಕು ಅಂತಿದ್ದೀಯಾ?" ಎಂದು ರೇಗಿದರು. ಒಳ್ಳೆಯ ಮನುಷ್ಯರೇ, ಆದರೆ ಯಾರ ಮಾತಿಗೂ ಬ್ರೇಕ್ ಹಾಕಿ ನಿಲ್ಲುವವರಲ್ಲ.

ಆ ದಿನವೂ ಪಂದ್ಯ ಎಂದಿನಂತೆಯೇ ನಡೆಯಿತು. ಪಕ್ಕದ ಮನೆಗೆ ನೆಂಟರು ಬಂದಿದ್ದರು. ಅವರಿಗೆ ತೋರಿಸಬೇಕೆಂದು ಮಾವ ಬಟ್ಟಲಿಗೆ ಇನ್ನೂ ಒಂದು ಸೌಟು ಹೆಚ್ಚೇ ಹಾಕಿದ್ದರು. ಮರಿ ಗೆದ್ದಿತು, ನೀರು ಕುಡಿಯಿತು, ಮೈದಾನದಲ್ಲಿ ಓಡಿತು. ಮನೆಗೆ ಬಂದ ಮೇಲೆ ದಿನದಂತೆ ಮಷಿನ್ನಿನ ಕೆಳಗೆ ಕಾಲು ಚಾಚಿ ಮಲಗಲಿಲ್ಲ. ಕೋಣೆಯಲ್ಲಿ ಸುತ್ತು ಹಾಕತೊಡಗಿತು. ಮಲಗಲು ಹೋಗುವುದು, ಅರ್ಧಕ್ಕೆ ಏಳುವುದು, ಕುತ್ತಿಗೆ ತಿರುಗಿಸಿ ತನ್ನ ಹೊಟ್ಟೆಯನ್ನೇ ತಾನು ನೋಡಿಕೊಳ್ಳುವುದು. ಬಾಯಿಂದ ಜೊಲ್ಲು ನೆಲದವರೆಗೆ ಇಳಿಯುತ್ತಿತ್ತು. ಬೆನ್ನು ಗೂನು ಮಾಡಿ ಓಕರಿಸಿತು. ಏನೂ ಬರಲಿಲ್ಲ, ಸ್ವಲ್ಪ ಬಿಳಿ ನೊರೆ ಅಷ್ಟೇ. ಮತ್ತೆ ಓಕರಿಸಿತು. ಮತ್ತೆ ಅದೇ.

"ಸ್ವಲ್ಪ ಜಾಸ್ತಿ ತಿಂದಿದೆ. ವಾಂತಿ ಆದ್ರೆ ಸರಿಹೋಗುತ್ತೆ, ಬಿಡು," ಎಂದು ಮಾವ ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದರು.

ಅತ್ತೆ ಕತ್ತರಿ ಕೆಳಗಿಟ್ಟು ನೆಲಕ್ಕೆ ಕೂತರು. ಮರಿಯ ಪಕ್ಕೆಲುಬುಗಳ ಹಿಂದೆ ಕೈಯಿಟ್ಟರು. ಬೆಳಿಗ್ಗೆ ಒಳಕ್ಕೆ ಸರಿದಿದ್ದ ಹೊಟ್ಟೆ ಈಗ ಹೊರಗೆ ಬಂದು ಬಿಗಿದುಕೊಂಡಿತ್ತು. ಬೆರಳಿಂದ ಮೆಲ್ಲಗೆ ತಟ್ಟಿದರೆ ಡೋಲಿನಂತೆ ಸದ್ದು ಬಂತು. ತುಟಿ ಎತ್ತಿ ನೋಡಿದರು. ಕೆಂಪಗಿರಬೇಕಾದ ಒಸಡು ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು.

"ರೀ, ಏಳಿ."

"ಸ್ವಲ್ಪ ಬಿಸಿನೀರು ಕುಡಿಸಿ ನೋಡೋಣ ಕಣೇ. ಅವಸರ ಯಾಕೆ?"

ಅವಸರ ಯಾಕೆ! ಮದುವೆಯಾದಂದಿನಿಂದ ಅವರ ಬಾಯಲ್ಲಿ ಒಮ್ಮೆಯೂ ಬಾರದ ಮಾತು, ಬರಬಾರದ ದಿನವೇ ಬಂತು. ಜೀವಮಾನವಿಡೀ ಏನೂ ಇಲ್ಲದ್ದಕ್ಕೆ ಓಡಿದ ಮನುಷ್ಯ, ನಿಜವಾಗಿ ಓಡಬೇಕಾದಾಗ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಹಿಡಿದು ಕೂತಿದ್ದರು. ಅತ್ತೆ ಮದುವೆಯಾದ ಮೇಲೆ ಮೊದಲ ಸಲ ದನಿಯೇರಿಸಿದರು.

"ಬಾಯಿಗೆ ಏನೂ ಹಾಕ್ಬಾರದು ಅಂದಿದಾರೆ ಡಾಕ್ಟರಮ್ಮ! ಓಕರಿಸುತ್ತೆ, ಏನೂ ಬರಲ್ಲ, ಹೊಟ್ಟೆ ಉಬ್ಬುತ್ತೆ, ಹಾಗಾದ್ರೆ ಕಾಯಲೇಬೇಡಿ, ಮನೆಮದ್ದು ಮಾಡ್ತಾ ಕೂತ್ರೆ ನಾಯಿ ಉಳಿಯಲ್ಲ ಅಂದಿದಾರೆ. ನೀವು ಆಗ ಹೊರಗಡೆ ಹಾರ್ನ್ ಹೊಡೀತಿದ್ರಿ!"

ಪೇಪರ್ ಜಾರಿ ನೆಲಕ್ಕೆ ಬಿತ್ತು. ಮಾವ ಪಕ್ಕದ ಮನೆಯಿಂದ ವ್ಯಾನಿನ ಕೀಲಿ ತಂದು, ಮರಿಯನ್ನು ಎತ್ತಿ ವ್ಯಾನಿಗೆ ಹಾಕುವಷ್ಟರಲ್ಲಿ ಅತ್ತೆ ಆಸ್ಪತ್ರೆಗೆ ಫೋನ್ ಮಾಡಿ, ಇಂಥ ನಾಯಿ, ಹೀಗೀಗಾಗಿದೆ, ಬರುತ್ತಿದ್ದೇವೆ ಎಂದು ಹೇಳಿಯಾಗಿತ್ತು. ಕುತ್ತಿಗೆಯಲ್ಲಿದ್ದ ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ದಾರಿಯುದ್ದಕ್ಕೂ ಹಿಂದಿನಿಂದ ಮರಿಯ ಏದುಸಿರು ಕೇಳುತ್ತಿತ್ತು. ಮಾವ ಓಡಿಸಿದರು. ಎಷ್ಟು ಜೋರಾಗಿ ಓಡಿಸಿದರೂ ಕಳೆದ ಹೊತ್ತು ಹಿಂದೆಯೇ ಉಳಿದಿತ್ತು.

ಡಾಕ್ಟರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಹೊಟ್ಟೆ ಮುಟ್ಟಿದರು, ಎಕ್ಸ್‌ರೇ ತೆಗೆಸಿದರು, ಸೂಜಿ ಚುಚ್ಚಿ ಒಳಗಿನ ಗಾಳಿಯನ್ನು ಅಷ್ಟಿಷ್ಟು ಹೊರಗೆ ಬಿಟ್ಟರು. ಆಮೇಲೆ ಮಾವನ ಕಡೆ ತಿರುಗಿ ಹೇಳಿದರು: "ಗಾಳಿ ತುಂಬಿ ಹೊಟ್ಟೆ ತಿರುಚಿಕೊಂಡುಬಿಟ್ಟಿದೆ. ಎರಡೂ ಕಡೆ ಬಾಯಿ ಕಟ್ಟಿದ ಚೀಲ ಅಂದ್ಕೊಳ್ಳಿ. ಒಳಗಿರೋದು ಮೇಲಕ್ಕೂ ಬರಲ್ಲ, ಕೆಳಕ್ಕೂ ಹೋಗಲ್ಲ, ರಕ್ತ ಓಡಾಡೋಕೂ ಜಾಗ ಇಲ್ಲ. ಈಗಲೇ ಆಪರೇಷನ್ ಮಾಡ್ಬೇಕು."

"ಉಳಿಯುತ್ತಾ ಮೇಡಂ?"

"ಗ್ಯಾರಂಟಿ ಕೊಡಲ್ಲ. ಬೇಗ ಕರ್ಕೊಂಡು ಬಂದಿದೀರಿ, ಅದೊಂದು ಒಳ್ಳೇದಾಯ್ತು." ಒಳಗೆ ಹೋಗುವ ಮುನ್ನ ಒಂದು ಮಾತು ಕೇಳಿದರು: "ಇದರ ತಾಯಿಗೆ ಯಾವತ್ತಾದ್ರೂ ಹೀಗಾಗಿತ್ತಾ? ಕೆಲವು ವಂಶದಲ್ಲಿ ಬರುತ್ತೆ."

"ಇಲ್ಲ ಮೇಡಂ, ಅದಕ್ಕೆ ಯಾರೋ ವಿಷ ಹಾಕಿದ್ರು. ಊಟ ಆದ್ಮೇಲೆ ಹೊಟ್ಟೆ ಊದಿಕೊಂಡು..." ಮಾವನ ಮಾತು ಅಲ್ಲಿಗೇ ನಿಂತಿತು. ಡಾಕ್ಟರಮ್ಮ ತಲೆಯಾಡಿಸಿ ಒಳಗೆ ಹೋದರು.

ಹೊರಗೊಂದು ಮರದ ಬೆಂಚು. ಗೋಡೆಯ ಮೇಲೆ ಬೆಕ್ಕಿನ ಚಿತ್ರ, ಒಂದು ಮೂಲೆಯಲ್ಲಿ ಒದ್ದೆ ಕೊಡೆ. ಬಸ್ಸಿನ ಸೀಟು ಬಿಟ್ಟರೆ ಮಾವ ಇಷ್ಟು ಹೊತ್ತು ಬೇರೆಲ್ಲೂ ಕೂತವರಲ್ಲ. ಬೇಗ ಎಂಬ ಮಾತು ಕೆನ್ನೆಗೆ ಹೊಡೆದ ಹಾಗಿತ್ತು. ಬೇಗ ತಂದವರು ಯಾರು? ತಾನಂತೂ ಅಲ್ಲ. ಒಂದು ಮೂಕಪ್ರಾಣಿಗೆ ತನ್ನ ಚಟ ಅಂಟಿಸಿ, ಅದು ಕಲಿತದ್ದಕ್ಕೆ ಕುಣಿದಾಡಿ, ಊರಿಗೆಲ್ಲ ತೋರಿಸಿ ಮೆರೆದದ್ದಾಯಿತು.

"ನಾನೇ ಕೊಂದೆ ಕಣೇ ಅದನ್ನ."

"ಅದಿನ್ನೂ ಬದುಕಿದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎಂದರು ಅತ್ತೆ. ಹಾಗೆ ಗದರಿದವರೇ ಅವರ ಕೈ ಹಿಡಿದುಕೊಂಡರು. ಬಾಗಿಲು ತೆರೆಯುವವರೆಗೂ ಬಿಡಲಿಲ್ಲ.

ಮರಿ ಉಳಿಯಿತು. ತಿರುಚಿದ್ದನ್ನು ಬಿಡಿಸಿ, ಮತ್ತೆ ತಿರುಗದಂತೆ ಹೊಟ್ಟೆಯನ್ನು ಒಳಗಿನ ಗೋಡೆಗೆ ಸೇರಿಸಿ ಹೊಲಿದಿದ್ದೇನೆ ಎಂದರು ಡಾಕ್ಟರಮ್ಮ. ಯಾವ ಹೊಲಿಗೆ, ಒಂಟಿ ದಾರವೋ ಜೋಡಿ ದಾರವೋ ಎಂದು ಅತ್ತೆ ವಿಚಾರಿಸಿಕೊಂಡರು; ಕಸುಬಿನವರಿಗೆ ಕಸುಬಿನ ಚಿಂತೆ. "ಹೊಲಿಗೆ ತಿರುಚೋದನ್ನ ತಡೆಯುತ್ತೆ ಅಷ್ಟೇ. ಗಾಳಿ ತುಂಬೋದನ್ನ ತಡೆಯಲ್ಲ. ಅದು ನಿಮ್ಮ ಮನೆಯ ಊಟದ ಮೇಲಿದೆ," ಎಂದು ಡಾಕ್ಟರಮ್ಮ ಮಾವನನ್ನೇ ನೋಡಿ ಹೇಳಿದರು. ಈ ಸಲ ಮಾವ ಕೂತು, ಕೊನೆಯ ಮಾತಿನವರೆಗೂ ಕೇಳಿದರು. ಕೇಳಿಸಿಕೊಂಡದ್ದು ಸರಿಯೇ ಎಂದು ಎರಡೆರಡು ಸಲ ವಿಚಾರಿಸಿದರು.

ಎತ್ತರದ ಬಟ್ಟಲಿನಿಂದಲೂ ಅಪಾಯ ಹೆಚ್ಚಬಹುದು ಎಂದು ಡಾಕ್ಟರಮ್ಮ ಹೇಳಿದ್ದರಿಂದ, ಮನೆಗೆ ಬಂದ ಮೇಲೆ ಮೊದಲು ಆ ಸ್ಟೂಲು ಅಟ್ಟ ಸೇರಿತು, ಬಟ್ಟಲು ನೆಲಕ್ಕಿಳಿಯಿತು. ಒಂದೇ ಸಲ ಹಾಕುತ್ತಿದ್ದುದನ್ನು ಹಂಚಿ, ದಿನಕ್ಕೆ ನಾಲ್ಕಾರು ಸಲ ಚೂರುಚೂರೇ ಹಾಕತೊಡಗಿದರು. ಅನ್ನವನ್ನು ಅಗಲವಾದ ತಟ್ಟೆಯ ಮೇಲೆ ತೆಳ್ಳಗೆ ಹರಡುವುದು. ಒಣ ತಿಂಡಿಗೆಂದು ಅತ್ತೆ ಬಟ್ಟೆಯ ಚೂರುಗಳನ್ನೆಲ್ಲ ಒತ್ತೊತ್ತಾಗಿ ಹೊಲಿದು ಒಂದು ಚಾಪೆ ಮಾಡಿಕೊಟ್ಟರು. ಆ ಮಡಿಕೆಗಳಲ್ಲಿ ಮೂಗು ತೂರಿಸಿ ಒಂದೊಂದೇ ಕಾಳು ಹುಡುಕಿ ತಿನ್ನಬೇಕು. ಊಟದ ಹಿಂದೆಮುಂದೆ ಓಟ, ಚೆಂಡು ಎಲ್ಲ ಬಂದ್. ಮಾವ ಗಿಡದ ಬುಡದಿಂದ ಆ ನುಣುಪು ಕಲ್ಲನ್ನೂ ಹುಡುಕಿ, ತೊಳೆದು ತಂದಿಟ್ಟರು. ಅತ್ತೆ ಅದನ್ನು ಎತ್ತಿ ಬಟ್ಟಲಿನ ನಡುವೆ ಇಟ್ಟರು.

ಒಂದು ದಿನ ಮಾವ ಡಿಪೋಗೆ ಹೋಗಿ ವಾಚ್‌ಮನ್‌ಗೆ ತಾಯಿನಾಯಿಗೂ ಆದದ್ದು ಇದೇ ಇರಬೇಕು, ವಿಷವಲ್ಲ ಎಂದು ತಿಳಿಸಿ ಬಂದರು. ಅವನು ಎದ್ದು, ಟೋಪಿ ಸರಿಮಾಡಿಕೊಂಡು, ರಸ್ತೆ ದಾಟಿ ಚಹಾ ಅಂಗಡಿಯ ಮುಂದೆ ಹೋಗಿ ನಿಂತನಂತೆ.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನದ ಊಟವೊಂದು ಮಾತ್ರ ಹಿಡಿತಕ್ಕೆ ಬರಲಿಲ್ಲ. ಬೆಳಿಗ್ಗೆ, ಸಂಜೆ ಚೆನ್ನಾಗಿ ನಿಧಾನವಾಗಿ ತಿನ್ನುವ ಮರಿ, ಮಧ್ಯಾಹ್ನ ತಟ್ಟೆಯ ಮೇಲೆ ಹರಡಿದ್ದನ್ನೂ ಬಾಚಿ ಬಾಚಿ ನುಂಗುತ್ತಿತ್ತು. ಮಾವ ಒಳಗೆ ಕೂತು ತಿಂದರೂ ಅಷ್ಟೇ, ಅದು ಬಾಗಿಲ ಸಂದಿಯಿಂದ ನೋಡುತ್ತಾ ನುಂಗುತ್ತಿತ್ತು. ಒಂದು ದಿನ ತುತ್ತು ನೆತ್ತಿಗೇರಿ ಕೆಮ್ಮು ಬಂದು ಅವರ ಕೈ ನಿಂತಿತು. ಬಾಗಿಲಾಚೆ ಮರಿಯ ಬಾಯಿಯೂ ನಿಂತಿತು. ಅದು ತಲೆ ಎತ್ತಿ ಕಾಯುತ್ತಿತ್ತು. ಮಾವ ಕೈ ಎತ್ತಿದರು. ಮರಿ ಬಾಯಿ ಹಾಕಿತು. ಮಾವ ನಿಲ್ಲಿಸಿದರು, ಮರಿ ನಿಲ್ಲಿಸಿತು.

ಮಾವ ಹಾಗೇ ಕೂತುಬಿಟ್ಟರು. ಬಸ್ಸಿನ ಕಿಟಕಿಯ ಆ ಕಣ್ಣುಗಳನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಈ ಎರಡು ಕಣ್ಣುಗಳು ಅವರನ್ನು ಅವಸರಪಡಿಸುತ್ತಿರಲಿಲ್ಲ. ಅವರಿಂದ ಹಿಂದುಳಿದುಬಿಟ್ಟೇನೋ ಎಂದು ಹೆದರಿ ಓಡಿಬರುತ್ತಿದ್ದವು.

"ಇವಳೇ," ಎಂದು ಕರೆದರು. "ನಿನ್ನ ತಟ್ಟೆ ತಗೊಂಡು ಇಲ್ಲಿ ಬಾ."

"ಯಾಕೆ?"

"ನಾನು ನಿಧಾನ ಆಗದೆ ಅದು ನಿಧಾನ ಆಗಲ್ಲ. ಒಬ್ಬನೇ ಕೂತ್ರೆ ಕೈ ಓಡುತ್ತೆ. ನೀನು ಎದುರಿಗಿದ್ರೆ ನಿನ್ನ ನೋಡ್ಕೊಂಡು ತಿಂತೀನಿ."

ಅತ್ತೆ ಮಷಿನ್ನಿನ ಮೂಲೆಯಿಂದ ತಟ್ಟೆ ಎತ್ತಿಕೊಂಡು ಬಂದು ಎದುರಿಗೆ ಕೂತರು. ಮರಿಯನ್ನೂ ಒಳಗೆ ಕರೆದರು. ಅತ್ತೆಯ ಒಂದು ತುತ್ತಿಗೆ ಮಾವನ ಒಂದು ತುತ್ತು, ಅದಕ್ಕೆ ಮರಿಯ ಒಂದು ಬಾಯಿ. ಮಾವನಿಗೆ ಅದು ಮೊದಲ ಗೇರಿನಲ್ಲಿ ಏರು ಹತ್ತಿದಷ್ಟು ಕಷ್ಟ. ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಎಳೆದು ನಿಲ್ಲಿಸುತ್ತಿದ್ದರು. ಅಗಿಯಲೇಬೇಕಾದ್ದರಿಂದ ಅಗಿದರು. ಅಗಿದಾಗ ಏನೋ ನಾಲಿಗೆಗೆ ಹತ್ತಿತು.

"ಸೊಪ್ಪಿಗೆ ಏನೋ ಹಾಕಿದೀಯಲ್ಲ. ಚೆನ್ನಾಗಿದೆ."

"ಬೆಳ್ಳುಳ್ಳಿ. ಸುಟ್ಟು ಹಾಕ್ತೀನಿ."

"ಇವತ್ತು ಹೊಸದಾಗಿ ಹಾಕಿದ್ದಾ?"

"ಮದುವೆಯಾದ ವರ್ಷದಿಂದ ಹಾಕ್ತಾ ಇದೀನಿ."

ಮಾವ ತುತ್ತನ್ನು ತಟ್ಟೆಗೆ ವಾಪಸಿಟ್ಟರು. ಮರಿಯೂ ತಲೆ ಎತ್ತಿತು. "ಒಂದು ದಿನನಾದ್ರೂ ಹೇಳಬಾರದಿತ್ತಾ? ಒಬ್ಬಳೇ ಕೂತು ತಿನ್ನೋಕೆ ಬೇಜಾರು ಅಂತನಾದ್ರೂ?"

"ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ನೀವು ಕೈ ತೊಳೀತಿದ್ರಿ," ಎಂದರು ಅತ್ತೆ. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅದು ಮಾವನಿಗೆ ಹೆಚ್ಚು ನಾಟಿತು.

ಎಷ್ಟೋ ಊರು ಮುಟ್ಟಿಸಿದ ಮನುಷ್ಯ, ಎಷ್ಟೋ ಜನರನ್ನು ಹೊತ್ತಿಗೆ ಸರಿಯಾಗಿ ಇಳಿಸಿದ ಮನುಷ್ಯ, ಒಬ್ಬಳನ್ನು ಮಾತ್ರ ಹತ್ತಿಸಿಕೊಳ್ಳದೆ ಹೊರಟುಬಿಟ್ಟಿದ್ದರು. ಏಳಬೇಕೆನಿಸಿತು, ಏಳಲಿಲ್ಲ.

"ಈಗ ಹೇಳು," ಎಂದರು.

"ಏನನ್ನ?"

"ಆಮೇಲೆ ಹೇಳು ಅಂದಿದ್ದೆನಲ್ಲ. ಅದನ್ನೆಲ್ಲ."

ಅತ್ತೆ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಇದು ತಮಾಷೆಯೋ ನಿಜವೋ ಎಂದು ತಿಳಿಯಲು ಅಷ್ಟು ಹೊತ್ತು ಬೇಕಾಯಿತು. "ಮಗಳು ಹುಟ್ಟಿದ ದಿನದಿಂದ ಶುರುಮಾಡ್ಲಾ?" ಎಂದು ಕೇಳಿದರು. "ಅವತ್ತು ಮುಖ ನೋಡಿ, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ರಿ."

"ಅಲ್ಲಿಂದಲೇ ಮಾಡು," ಎಂದರು ಮಾವ. ತಟ್ಟೆಯಲ್ಲಿ ಅನ್ನ ಆರುತ್ತಿತ್ತು, ಅವರು ಕೈ ಹಾಕಲಿಲ್ಲ. ಮರಿಯೂ ತನ್ನ ತಟ್ಟೆಯ ಮುಂದೆ ತಲೆ ಎತ್ತಿಕೊಂಡು ಕಾಯುತ್ತಾ ಕೂತಿತ್ತು.